ಗಣಪತಿ ಪೆಂಡಾಲಿನ ರಸಮಂಜರಿಗೆ ಹೊಸ ಆರ್ಕೆಸ್ಟ್ರಾ ತಂಡವನ್ನು ಸಿದ್ಧಮಾಡುವುದು: ಆರು ವಾರಗಳ ಸಮಗ್ರ ಮಾರ್ಗದರ್ಶಿ

ರಸಮಂಜರಿಯ ಮುಂದೆ ಕೂತ ಜನಕ್ಕೆ ಹಾಡು ಮೊದಲೇ ಬಾಯಿಪಾಠ. ಪಲ್ಲವಿ ಮಾತ್ರವಲ್ಲ, ಪಲ್ಲವಿಗೆ ಮುಂಚಿನ ಕೊಳಲಿನ ಬಿಟ್ (ವಾದ್ಯದ ಚಿಕ್ಕ ತುಣುಕು), ಎರಡನೇ ಚರಣಕ್ಕೆ ಮೊದಲು ವಯಲಿನ್‌ಗಳು ಏರಿ ನಿಲ್ಲುವ ಜಾಗ, ಎಲ್ಲವೂ ಗೊತ್ತು. ಗಾಯಕ ಒಂದು ಪದ ಮರೆತರೆ ಜನರೇ ಹಾಡಿ ತುಂಬಿಕೊಡುತ್ತಾರೆ. ಬಿಟ್ ಮುಗಿದು ಚರಣ ಎತ್ತಿಕೊಳ್ಳುವಲ್ಲಿ ತಂಡ ತಡವರಿಸಿದರೆ ಮಾತ್ರ ಯಾರೂ ಕಾಪಾಡಲಾರರು. ಹೊಸ ತಂಡಗಳು ಎಡವುವುದು ಹೆಚ್ಚಾಗಿ ಈ ಬೆಸುಗೆಗಳಲ್ಲೇ: ಶುರು, ಎತ್ತುಗಡೆ, ಮುಕ್ತಾಯ, ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವ ಆ ಒಂದೂವರೆ ನಿಮಿಷ. ಆರು ವಾರಗಳ ತಯಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಇವುಗಳಿಗೇ ಕೊಡಿ.

ತಂಡದಲ್ಲಿ ಯಾರ ಕೆಲಸ ಯಾವುದು

ಚಿತ್ರಗೀತೆಗಳಿಗೆ ಸಾಕಾಗುವ ತಂಡ ಎಂದರೆ ಮೂವರು ಗಾಯಕರು (ಅವರಲ್ಲಿ ಒಬ್ಬರಾದರೂ ಗಾಯಕಿ), ಎರಡು ಕೀಬೋರ್ಡ್, ಒಂದು ರಿದಮ್ ಪ್ಯಾಡ್ (ಕೋಲಿನಿಂದ ಬಡಿಯುವ ಎಲೆಕ್ಟ್ರಾನಿಕ್ ತಾಳವಾದ್ಯ), ತಬಲಾ ಮತ್ತು ಢೋಲಕ್ ಎರಡನ್ನೂ ನುಡಿಸುವ ಒಬ್ಬರು, ಕೊಳಲು, ಬೇಸ್ ಗಿಟಾರ್, ಲೀಡ್ ಗಿಟಾರ್, ನಿರೂಪಕರು. ಒಟ್ಟು ಹನ್ನೊಂದು ಜನ.

ಕೀಬೋರ್ಡ್ ಎರಡು ಏಕೆ? ನಮ್ಮ ಹಾಡುಗಳ ಬಿಜಿಎಂನಲ್ಲಿ, ಅಂದರೆ ಪಲ್ಲವಿ–ಚರಣಗಳ ನಡುವಿನ ವಾದ್ಯಸಂಗೀತದಲ್ಲಿ, ವಯಲಿನ್ ಗುಂಪು ಹಿಡಿದು ನಿಂತಿರುವಾಗಲೇ ಅದರ ಮೇಲೆ ಸಿತಾರೋ ಶಹನಾಯಿಯೋ ಬರುತ್ತದೆ. ಒಬ್ಬರೇ ನುಡಿಸಿದರೆ ಸೌಂಡ್ ಬದಲಿಸುವ ಗಳಿಗೆಯಲ್ಲಿ ವಯಲಿನ್ ಕಡಿದುಹೋಗಿ ಹಾಡು ಬೋಳಾಗಿ ಕೇಳಿಸುತ್ತದೆ. ಮೊದಲ ಕೀಬೋರ್ಡ್‌ಗೆ ಬಿಟ್‌ಗಳು, ಎರಡನೆಯದಕ್ಕೆ ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಮತ್ತು ವಯಲಿನ್. ಈ ಹಂಚಿಕೆಯನ್ನು ಹಾಡಿನಿಂದ ಹಾಡಿಗೆ ಬದಲಿಸಬೇಡಿ. ಒಬ್ಬರೇ ಸಿಕ್ಕಿದ್ದರೆ ಕೀಬೋರ್ಡನ್ನು ಸ್ಪ್ಲಿಟ್ ಮಾಡಿ ಎಡಗೈಗೆ ವಯಲಿನ್, ಬಲಗೈಗೆ ಬಿಟ್ ಇಟ್ಟು, ಪ್ರತಿ ಹಾಡಿನ ಸೌಂಡ್‌ಗಳನ್ನು ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಸೇವ್ ಮಾಡಿ. ಸೇವ್ ಮಾಡುವಾಗ ಹಾಡಿಗೊಂದು ಕಾಯಂ ನಂಬರ್ ಕೊಡಿ. ಕಾರ್ಯಕ್ರಮದ ಕ್ರಮದಲ್ಲಿ ಸೇವ್ ಮಾಡಿಟ್ಟರೆ, ಆ ಸಂಜೆ ಕ್ರಮ ಬದಲಾದ ಕೂಡಲೇ ಎಲ್ಲವೂ ತಲೆಕೆಳಗಾಗುತ್ತದೆ. ಕ್ರಮ ಬದಲಾಗದ ಕಾರ್ಯಕ್ರಮವೇ ಇಲ್ಲ.

ಪ್ಯಾಡ್ ನುಡಿಸುವವರಿಗೂ ಇದೇ ಮಾತು. ಎಂಟು ಪ್ಯಾಡ್‌ಗಳಲ್ಲಿ ತಮಟೆ, ಚಪ್ಪಾಳೆ, ಕಿಕ್, ಸ್ನೇರ್ ಎಲ್ಲಿರಬೇಕೆಂದು ಒಮ್ಮೆ ನಿರ್ಧರಿಸಿದರೆ ಎಲ್ಲ ಕಿಟ್‌ಗಳಲ್ಲೂ ಅದೇ ಜಾಗ ಇರಲಿ. ಕೈ ಕಲಿಯುವುದು ಜಾಗವನ್ನು, ಕಿಟ್‌ನ ಹೆಸರನ್ನಲ್ಲ.

ಎಷ್ಟು ಹಾಡು ಬೇಕು

ಸಂಜೆ 7ರಿಂದ 10ರವರೆಗೆ ಕಾರ್ಯಕ್ರಮ ಎಂದರೆ ಲೆಕ್ಕಕ್ಕೆ 180 ನಿಮಿಷ. ಮಂಗಳಾರತಿ, ಗಣ್ಯರ ಮಾತು, ಪೇಟ–ಶಾಲು–ಹಾರದ ಸನ್ಮಾನ ಸೇರಿ 40 ನಿಮಿಷ ಹೋಗುತ್ತದೆ. ಉಳಿದ 140ರಲ್ಲಿ ಹಾಡಿಗೆ ನಾಲ್ಕೂವರೆ ನಿಮಿಷ, ನಡುವಿನ ಮಾತಿಗೆ ಒಂದೂವರೆ ಎಂದು ಹಿಡಿದರೆ 23 ಹಾಡು. ಚೀಟಿಯಲ್ಲಿ ಬರುವ ಕೋರಿಕೆಗಳಿಗೆಂದು ಐದು ಸೇರಿಸಿ 28 ಹಾಡು ಸಿದ್ಧವಿರಲಿ. ನಲವತ್ತು ಹಾಡನ್ನು ಅರೆಬರೆ ಕಲಿತ ತಂಡಕ್ಕಿಂತ 28ನ್ನು ಗಟ್ಟಿಯಾಗಿ ಕಲಿತ ತಂಡವನ್ನು ಮುಂದಿನ ವರ್ಷವೂ ಕರೆಯುತ್ತಾರೆ.

ಆಯ್ಕೆಯಲ್ಲಿ ಮೂರು ತಲೆಮಾರು ಇರಬೇಕು: ಡಾ. ರಾಜ್‌ಕುಮಾರ್, ಪಿ. ಬಿ. ಶ್ರೀನಿವಾಸ್ ಕಾಲದವು, ಎಸ್‌ಪಿಬಿ ಮತ್ತು ಎಸ್. ಜಾನಕಿಯವರ ಯುಗಳಗೀತೆಗಳು, ಈಗಿನ ಕುಣಿಯುವ ಹಾಡುಗಳು. ನಿಮ್ಮ ಬಳಿ ಇಲ್ಲದ ವಾದ್ಯವೇ ಹಾಡಿನ ಗುರುತಾಗಿದ್ದರೆ ಅಂಥದ್ದನ್ನು ಈ ವರ್ಷಕ್ಕೆ ಬಿಡಿ. ವೀಣೆಯ ಬಿಟ್‌ನಿಂದಲೇ ಜನ ಗುರುತಿಸುವ ಹಾಡನ್ನು ಕೀಬೋರ್ಡಿನ ಅಗ್ಗದ ಸಿತಾರ್ ಸೌಂಡಿನಲ್ಲಿ ಶುರುಮಾಡಿದರೆ ಮೊದಲ ಹತ್ತು ಸೆಕೆಂಡಿನಲ್ಲೇ ಹಾಡು ಸೋಲುತ್ತದೆ.

ರಾಜ್ಯೋತ್ಸವದ ವೇದಿಕೆಗೂ ಹೋಗುವ ಯೋಚನೆಯಿದ್ದರೆ ನಾಡಗೀತೆ ಕಲಿಯಿರಿ. 2022ರ ಸರ್ಕಾರಿ ಆದೇಶದಂತೆ ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು. ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ.

ಮೊದಲ ವಾರ: ಶ್ರುತಿ

ಹಾಡಿನ ಪಟ್ಟಿ ಕೈಗೆ ಬಂದ ಕೂಡಲೇ ವಾದ್ಯ ಮುಟ್ಟಬೇಡಿ. ಮೊದಲು ಗಾಯಕರನ್ನೂ ಒಂದು ಕೀಬೋರ್ಡನ್ನೂ ಕೂರಿಸಿಕೊಂಡು 28 ಹಾಡಿಗೂ ಶ್ರುತಿ ಗೊತ್ತುಮಾಡಿ. ಇದಕ್ಕೆ ಎರಡು ಸಂಜೆ ಹಿಡಿಯುತ್ತದೆ. ಇದನ್ನು ಮುಂದೂಡಿದರೆ ನಾಲ್ಕನೇ ವಾರದಲ್ಲಿ ಗಿಟಾರ್, ಕೊಳಲು, ತಬಲಾ ಮೂರೂ ಕಲಿತದ್ದನ್ನು ಮತ್ತೆ ಕಲಿಯಬೇಕಾಗುತ್ತದೆ.

ಪರೀಕ್ಷೆ ಮಾಡುವುದು ಪಲ್ಲವಿಯಲ್ಲಲ್ಲ, ಚರಣದ ಅತಿ ಎತ್ತರದ ಸಾಲಿನಲ್ಲಿ. ಆ ಸಾಲನ್ನು ಒಂದರ ಹಿಂದೆ ಒಂದು ಐದು ಸಲ ಹಾಡಿಸಿ. ಐದನೇ ಸಲವೂ ಸ್ವರ ಜಾರದಿದ್ದರೆ ಆ ಶ್ರುತಿ ಸರಿ. ಎರಡನೇ ಸಲಕ್ಕೇ ಕತ್ತಿನ ನರ ಉಬ್ಬಿದರೆ ಒಂದೊಂದೇ ಅರ್ಧ ಮನೆ (ಕೀಬೋರ್ಡಿನಲ್ಲಿ ಪಕ್ಕದ ಒಂದು ಕೀ) ಇಳಿಸಿ ನೋಡಿ. ಮೂಲ ಶ್ರುತಿಯಲ್ಲೇ ಹಾಡಬೇಕೆಂಬ ಹಟ ಬೇಡ. ರಾತ್ರಿ ಒಂಬತ್ತೂವರೆಗೆ, ಹದಿನೆಂಟು ಹಾಡು ಹಾಡಿದ ಗಂಟಲಿಗೆ ಆ ಸಾಲು ಬರಬೇಕು. ಯುಗಳಗೀತೆಯಲ್ಲಿ ಇಳಿಸುವಾಗ ಇನ್ನೊಂದು ಎಚ್ಚರ. ಗಾಯಕನಿಗೆಂದು ಎರಡು ಮನೆ ಇಳಿಸಿದರೆ ಗಾಯಕಿಯ ಮಂದ್ರದ ಸಾಲು ಮೈಕಿಗೆ ಕೇಳಿಸದಷ್ಟು ಕೆಳಗೆ ಹೋಗಬಹುದು. ಇಬ್ಬರ ಅತಿ ಎತ್ತರ, ಅತಿ ತಗ್ಗು ಎರಡನ್ನೂ ಹಾಡಿಸಿದ ಮೇಲೆಯೇ ಬರೆದುಕೊಳ್ಳಿ.

ಹಳೆಯ ಹಾಡುಗಳ ರೆಕಾರ್ಡಿಂಗ್ ಕೆಲವೊಮ್ಮೆ ಯಾವ ಮನೆಗೂ ಕೂರುವುದಿಲ್ಲ, ಎರಡು ಮನೆಗಳ ನಡುವೆ ತೂಗುತ್ತದೆ. ಟೇಪಿನ ವೇಗದ ವ್ಯತ್ಯಾಸ ಅದಕ್ಕೆ ಕಾರಣ. ಕಲಿಯುವಾಗ ಕೀಬೋರ್ಡಿನ ಮಾಸ್ಟರ್ ಟ್ಯೂನನ್ನು ಅದಕ್ಕೆ ಹೊಂದಿಸಿಕೊಂಡು, ಕಲಿತ ಮೇಲೆ ಮರೆಯದೆ 440 ಹರ್ಟ್ಸ್‌ಗೆ ತನ್ನಿ. ಇಲ್ಲದಿದ್ದರೆ ಮಾರನೇ ದಿನ ಕೊಳಲು ಸುಳ್ಳಾಗಿ ಕೇಳಿಸುತ್ತದೆ, ಬೈಗುಳ ಕೊಳಲಿನವರಿಗೆ ಬೀಳುತ್ತದೆ.

ಈಗ ತಬಲಾ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಶ್ರುತಿ ಬದಲಿಸಿಬಿಡುತ್ತಾರೆ. ಚರ್ಮವಾದ್ಯಕ್ಕೆ ಆ ಗುಂಡಿ ಇಲ್ಲ. ಒಂದು ತಬಲಾವನ್ನು ಅರ್ಧ ಮನೆ ಆಚೀಚೆ ಸುಲಭವಾಗಿ ತರಬಹುದು. ಅದಕ್ಕಿಂತ ಹೆಚ್ಚು ಎಳೆದರೆ ನಾದ ಕೆಡುತ್ತದೆ. ಆದರೆ ತಬಲಾ ಷಡ್ಜಕ್ಕೇ ಕೂಡಬೇಕೆಂದಿಲ್ಲ, ಪಂಚಮಕ್ಕೋ ಮಧ್ಯಮಕ್ಕೋ ಕೂಡಿದರೂ ನಡೆಯುತ್ತದೆ. ಒಂದೂವರೆ ಮನೆಗೆ, ಅಂದರೆ ಸಿ ಶಾರ್ಪ್‌ಗೆ ಕೂಡಿಸಿದ ತಬಲಾ ಒಂದೂವರೆ ಮನೆಯ ಹಾಡಿಗೆ ಷಡ್ಜ, ನಾಲ್ಕೂವರೆ ಮನೆಯ ಹಾಡಿಗೆ ಪಂಚಮ, ಐದೂವರೆ ಮನೆಯ ಹಾಡಿಗೆ ಮಧ್ಯಮ. ಹಾಗೆಯೇ ಎರಡು ಮನೆಯ ತಬಲಾ ಎರಡು, ಐದು, ಆರು ಮನೆಗಳಿಗೆ ಆಗುತ್ತದೆ. ಎರಡು ತಬಲಾ ಇಟ್ಟುಕೊಂಡರೆ ಆರು ಶ್ರುತಿ ಸಿಕ್ಕವು. ಗಾಯಕರ ಶ್ರುತಿ ನಿರ್ಧರಿಸುವಾಗ ಅರ್ಧ ಮನೆಯ ಹೊಂದಾಣಿಕೆ ಸಾಧ್ಯವಿದ್ದಲ್ಲಿ ಈ ಆರರೊಳಗೇ ತನ್ನಿ. ವೇದಿಕೆಯ ಮೇಲೆ ಸುತ್ತಿಗೆ ಹಿಡಿದು ತಬಲಾದ ಮರದ ಗಟ್ಟಿಗಳನ್ನು ಬಡಿಯುವ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ.

ಗಿಟಾರಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಶ್ರುತಿ ಏರುತ್ತದೆ, ಇಳಿಯುವುದಿಲ್ಲ. ಇಳಿಸಿದ ಹಾಡುಗಳಿಗೆ ಕಾರ್ಡ್ಸ್ ಬೇರೆಯಾಗಿಯೇ ಬರೆದುಕೊಳ್ಳಬೇಕು. ಟ್ರಾನ್ಸ್‌ಪೋಸ್ ಗುಂಡಿಯ ಬಗ್ಗೆ ಒಂದು ಕಟ್ಟಪ್ಪಣೆ ಇರಲಿ: ಹಾಡು ಮುಗಿದ ತಕ್ಷಣ ಸೊನ್ನೆಗೆ. ಹಿಂದಿನ ಹಾಡಿನ ಇಳಿಕೆ ಹಾಗೇ ಉಳಿದು, ಎರಡು ಕೀಬೋರ್ಡ್ ಎರಡು ಶ್ರುತಿಯಲ್ಲಿ ಶುರುವಾಗುವುದು ರಸಮಂಜರಿಗಳಲ್ಲಿ ಪದೇಪದೇ ಆಗುವ ಅನಾಹುತ.

ಎರಡನೇ ವಾರ: ಪ್ರತಿ ಹಾಡಿಗೂ ಒಂದು ನಕ್ಷೆ

ಸಾಹಿತ್ಯ ಬರೆದ ಪುಸ್ತಕ ಗಾಯಕರಿಗೆ ಸಾಕು, ತಂಡಕ್ಕೆ ಸಾಲದು. ಒಂದು ಹಾಡಿಗೆ ಒಂದು ಪುಟ, ದಪ್ಪ ಅಕ್ಷರ, ಎಲ್ಲರ ಕೈಯಲ್ಲೂ ಅದೇ ಪ್ರತಿ. ಒಂದು ಯುಗಳಗೀತೆಯ ನಕ್ಷೆ ಹೀಗಿರುತ್ತದೆ:

ಶ್ರುತಿ ನಾಲ್ಕೂವರೆ ಮನೆ, ಮೂಲಕ್ಕಿಂತ ಒಂದು ಮನೆ ಇಳಿಕೆ. ತಬಲಾ ಒಂದೂವರೆ. ಲಯ 96 ಬಿಪಿಎಂ (ನಿಮಿಷಕ್ಕೆ 96 ಏಟು).
ಶುರು: ಪ್ಯಾಡಿನಿಂದ ನಾಲ್ಕು ಎಣಿಕೆ. ಕೊಳಲು 8 ಆವರ್ತ. ಬೇಸ್ ಐದನೇ ಆವರ್ತಕ್ಕೆ ಒಳಗೆ.
ಪಲ್ಲವಿ: ಗಾಯಕ ಎರಡು ಸಲ, ಗಾಯಕಿ ಒಂದು ಸಲ. ಎತ್ತುಗಡೆ ಸಮದ (ಆವರ್ತದ ಮೊದಲ ಏಟಿನ) ಮೇಲಲ್ಲ, ಅರ್ಧ ಏಟು ಬಿಟ್ಟು.
ಬಿಜಿಎಂ 1: ವಯಲಿನ್ 8, ಗಿಟಾರ್ 4, ಕೊಳಲು 4. ಕೊನೆಯ ಆವರ್ತದಲ್ಲಿ ತಬಲಾ ರೋಲ್, ಅಲ್ಲಿಂದ ಚರಣ.
ಚರಣ 1: ಗಾಯಕ. ಮೂರನೇ ಸಾಲಿಗೆ ತಾಳ ನಿಲ್ಲುತ್ತದೆ, ನಾಲ್ಕನೇ ಸಾಲಿಗೆ ಎಲ್ಲರೂ.
ಮುಕ್ತಾಯ: ಪಲ್ಲವಿಯ ಮೊದಲ ಸಾಲು ಮೂರು ಸಲ, ಮೂರನೆಯದು ನಿಧಾನ, ಒಂದೇ ಏಟು.

ಇದರಲ್ಲಿ ಎರಡು ಸಾಲುಗಳ ಮೇಲೆ ಕಣ್ಣಿಡಿ. ಒಂದು, ಎತ್ತುಗಡೆ. ಅರ್ಧ ಏಟು ಬಿಟ್ಟು ಹಾಡುವ ಪಲ್ಲವಿಯನ್ನು ಗಾಯಕ ಗಾಬರಿಯಲ್ಲಿ ಸಮಕ್ಕೇ ಹಾಡಿಬಿಟ್ಟರೆ ತಬಲಾದವರು ಅವರನ್ನು ಹಿಡಿಯಲು ಅರ್ಧ ಏಟು ನುಂಗುತ್ತಾರೆ, ಪ್ಯಾಡಿನವರು ನುಂಗುವುದಿಲ್ಲ, ಮುಂದಿನ ಎಂಟು ಆವರ್ತ ಎರಡು ತಾಳ ಓಡುತ್ತದೆ. ನಿಯಮ ಹೀಗಿರಲಿ: ಗಾಯಕ ತಪ್ಪಿದರೆ ಎಲ್ಲರೂ ಪ್ಯಾಡನ್ನು ನೋಡಬೇಕು, ಪ್ಯಾಡ್ ಬದಲಾಗಕೂಡದು, ಗಾಯಕರೇ ಅದಕ್ಕೆ ಬಂದು ಸೇರಬೇಕು.

ಇನ್ನೊಂದು, ಮುಕ್ತಾಯ. ಅನೇಕ ಹಾಡುಗಳು ರೆಕಾರ್ಡಿನಲ್ಲಿ ಮುಗಿಯುವುದೇ ಇಲ್ಲ, ಸದ್ದು ಸಣ್ಣಗಾಗುತ್ತಾ ಮಾಯವಾಗುತ್ತವೆ. ವೇದಿಕೆಯಲ್ಲಿ ಹಾಗಾಗದು. ಪ್ರತಿ ಹಾಡಿಗೂ ಮುಕ್ತಾಯವನ್ನು ನೀವೇ ಕಟ್ಟಬೇಕು. ಮೂರು ಮಾದರಿ ಸಾಕು: ಮೂರು ಸಲ ಹೇಳಿ ಒಂದೇ ಏಟಿಗೆ ನಿಲ್ಲುವುದು, ಶುರುವಿನ ಬಿಟ್ಟನ್ನೇ ಮತ್ತೆ ನುಡಿಸಿ ಮುಗಿಸುವುದು, ಕುಣಿಯುವ ಹಾಡಿಗೆ ತಾಳವಾದ್ಯ ಮಾತ್ರ ಉಳಿದು ಎಂಟು ಆವರ್ತ ನುಡಿಸಿ ತೀರ್ಮಾನ ಹೊಡೆಯುವುದು. ನಕ್ಷೆಯಲ್ಲಿ ಒಂದು, ಎರಡು, ಮೂರು ಎಂದು ಬರೆದರೆ ಮುಗಿಯಿತು.

ಲಯವನ್ನು ಫೋನಿನ ಮೆಟ್ರೊನೋಮ್‌ನಲ್ಲಿ ಬೆರಳು ಬಡಿದು ಅಳೆಯಿರಿ. ವೇದಿಕೆಯ ಹುರುಪಿನಲ್ಲಿ ಲಯ ಓಡುವುದು ಸಹಜ. ಅದಕ್ಕೆ ಪ್ಯಾಡಿನವರ ಒಂದು ಕಿವಿಗೆ ಇಯರ್‌ಫೋನ್ ಹಾಕಿ, ಎಣಿಕೆ ಕೊಡುವ ಮುಂಚೆ ಎರಡು ಆವರ್ತ ಕ್ಲಿಕ್ ಕೇಳಿಸಿಕೊಳ್ಳಲಿ. 96ರ ಹಾಡು 104ಕ್ಕೆ ಹೋದರೆ ವಾದ್ಯಗಳಿಗೆ ಕಷ್ಟವಾಗುವುದಿಲ್ಲ, ಪದ ತುಂಬಿದ ಚರಣದಲ್ಲಿ ಗಾಯಕಿಗೆ ಉಸಿರು ತೆಗೆದುಕೊಳ್ಳಲು ಜಾಗವೇ ಸಿಗುವುದಿಲ್ಲ.

ಮೂರರಿಂದ ಐದನೇ ವಾರ: ತಾಲೀಮು

ವಾರಕ್ಕೆ ಮೂರು ಸಲ, ಮೂರು ಮೂರು ಗಂಟೆ. ಮೂರನೇ ವಾರ ಗಾಯಕರನ್ನು ಕರೆಯಲೇಬೇಡಿ. ತಬಲಾ, ಪ್ಯಾಡ್, ಬೇಸ್, ಎರಡನೇ ಕೀಬೋರ್ಡ್ ಮಾತ್ರ ಕೂತು ದಿನಕ್ಕೆ ಒಂಬತ್ತು–ಹತ್ತು ಹಾಡಿನ ಅಸ್ಥಿಪಂಜರ ಗಟ್ಟಿಮಾಡಲಿ. ನಾಲ್ಕನೇ ವಾರ ಎಲ್ಲರೂ. ಆಗ ಇಡೀ ಹಾಡನ್ನು ಮತ್ತೆ ಮತ್ತೆ ನುಡಿಸುವುದು ಸಮಯದ ದಂಡ. ಬಿಜಿಎಂನ ಕೊನೆಯ ನಾಲ್ಕು ಆವರ್ತ ಮತ್ತು ಚರಣದ ಮೊದಲ ಸಾಲು, ಇಷ್ಟನ್ನೇ ಆರು ಸಲ ಮಾಡಿ. ಆಮೇಲೆ ಮುಕ್ತಾಯ ನಾಲ್ಕು ಸಲ. ಆಮೇಲೆ ಒಂದು ಸಲ ಪೂರ್ತಿ.

ಕೋರಸ್, ದೊಡ್ಡ ವಯಲಿನ್ ಗುಂಪು ಬೇಕಾದ ನಾಲ್ಕೈದು ಹಾಡಿಗೆ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ವಾದ್ಯಸಂಗೀತ) ಬಳಸುವುದಾದರೆ ಅದನ್ನು ಈ ವಾರವೇ ತನ್ನಿ. ಸ್ಟೀರಿಯೊ ಫೈಲಿನ ಎಡಕ್ಕೆ ಟ್ರ್ಯಾಕ್, ಬಲಕ್ಕೆ ಕ್ಲಿಕ್ ಇಟ್ಟು, ಎಡವನ್ನು ಮಿಕ್ಸರ್‌ಗೂ ಬಲವನ್ನು ಪ್ಯಾಡಿನವರ ಇಯರ್‌ಫೋನಿಗೂ ಕೊಡಿ. ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ. ಗಾಯನವೂ ಇರುವ ಟ್ರ್ಯಾಕ್ ಹಾಕಿ ಬಾಯಾಡಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಜನ ಬಂದಿರುವುದು ನಿಮ್ಮ ದನಿ ಕೇಳಲು.

ಐದನೇ ವಾರ ಪೂರ್ತಿ ಕಾರ್ಯಕ್ರಮವನ್ನು ಎರಡು ಸಲ, ನಿಂತುಕೊಂಡು, ನಿರೂಪಕರ ಮಾತಿನೊಂದಿಗೆ, ತಪ್ಪಿದರೂ ನಿಲ್ಲಿಸದೆ ನಡೆಸಿ. ಫೋನನ್ನು ಹತ್ತು–ಹನ್ನೆರಡು ಅಡಿ ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಕೇಳುವಾಗ ಗುರುತು ಹಾಕಬೇಕಾದದ್ದು ಹಾಡುಗಳ ನಡುವಿನ ಖಾಲಿ ಸಮಯ. 30 ಸೆಕೆಂಡ್ ದಾಟಿದ ಪ್ರತಿ ಜಾಗಕ್ಕೂ ಕಾರಣ ಹುಡುಕಿ: ತಬಲಾ ಬದಲಿಸುವುದೋ, ಸೌಂಡ್ ಹುಡುಕುವುದೋ, ಪುಟ ತಿರುವುವುದೋ. ಅಂಥ ಕಡೆ ನಿರೂಪಕರ ಮಾತು ಬರುವಂತೆ ಕ್ರಮ ಹೊಂದಿಸಿ.

ಕ್ರಮದ ಬಗ್ಗೆ ಇಷ್ಟು: ಗಣಪತಿಯ ಮೇಲಿನ ಭಕ್ತಿಗೀತೆಯಿಂದ ಶುರು, ಹಿರಿಯರು ಮುಂದಿನ ಸಾಲಿನಲ್ಲಿ ಕೂತಿರುವ ಮೊದಲ ಗಂಟೆಗೆ ಹಳೆಯ ಹಾಡು, ಕುಣಿಯುವವು ಕೊನೆಯ ಮುಕ್ಕಾಲು ಗಂಟೆಗೆ. ಒಮ್ಮೆ ಹುಡುಗರು ಕುಣಿಯಲು ಎದ್ದರೆ ಮತ್ತೆ ನಿಧಾನದ ಹಾಡಿಗೆ ಕೂರುವುದಿಲ್ಲ. ಒಬ್ಬರೇ ಗಾಯಕರಿಗೆ ಎತ್ತರದ ಎರಡು ಹಾಡು ಬೆನ್ನುಬೆನ್ನಿಗೆ ಬೇಡ.

ಒಪ್ಪಂದ, ಅನುಮತಿ

ಸೌಂಡ್, ಜನರೇಟರ್, ವಾಹನ, ಊಟ ಯಾರದು, ಎಷ್ಟು ಗಂಟೆ, ಮಳೆ ಬಂದರೆ ಹಣವೆಷ್ಟು ಎಂಬುದನ್ನು ಅಡ್ವಾನ್ಸ್ ಪಡೆಯುವಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಧ್ವನಿವರ್ಧಕದ ಅನುಮತಿಯನ್ನು ಪೊಲೀಸ್ ಠಾಣೆಯಿಂದ ಪಡೆಯಬೇಕಾದವರು ಸಮಿತಿಯವರು. ಅದರ ಒಂದು ಪ್ರತಿ ನಿಮ್ಮ ಫೋನಿನಲ್ಲಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆದರೆ ನಿಮ್ಮ ದಿನ ಅದರಲ್ಲಿ ಸೇರಿದೆಯೆಂದು ಅನುಮತಿ ಪತ್ರದಲ್ಲಿ ಕಾಣದಿದ್ದರೆ 9.50ಕ್ಕೆ ಕೊನೆಯ ಹಾಡು ಮುಗಿಯಬೇಕು. ಟಿಕೆಟ್ ಇಟ್ಟ ಅಥವಾ ಕಂಪನಿಯ ಕಾರ್ಯಕ್ರಮವಾದರೆ ಹಾಡುಗಳ ಸಾರ್ವಜನಿಕ ಪ್ರದರ್ಶನಕ್ಕೆ ಐಪಿಆರ್‌ಎಸ್ (ಹಾಡುಗಳ ಹಕ್ಕುದಾರರ ಸಂಸ್ಥೆ) ಪರವಾನಗಿಯ ಪ್ರಶ್ನೆ ಬರುತ್ತದೆ. ಸಂಘಟಕರನ್ನು ಮೊದಲೇ ಕೇಳಿ.

ಕರೆಂಟು ಮತ್ತು ಸೌಂಡ್

ಹೊಸ ತಂಡಗಳು ಅತಿ ಕಡಿಮೆ ಗಮನ ಕೊಡುವುದು ಇದಕ್ಕೆ. ಕೀಬೋರ್ಡ್ ಸುಡುವುದೂ ಇಲ್ಲೇ, ಪ್ರಾಣಕ್ಕೆ ಅಪಾಯವಿರುವುದೂ ಇಲ್ಲೇ.

ಒಂದು ಮಲ್ಟಿಮೀಟರ್ ನಿಮ್ಮ ಚೀಲದಲ್ಲಿರಲಿ. ವೇದಿಕೆಯ ಜಂಕ್ಷನ್ ಬಾಕ್ಸಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ 220ರಿಂದ 240 ವೋಲ್ಟ್ ಇರಬೇಕು. ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟ್ ಮೀರಬಾರದು. ಫೇಸ್–ಅರ್ತ್ 90, 110 ಎಂದು ಅಲೆದಾಡುತ್ತಿದ್ದರೆ ಅರ್ತಿಂಗ್ ಇಲ್ಲವೆಂದೇ ಅರ್ಥ. ಗಿಟಾರಿನ ತಂತಿ ಹಿಡಿದವರ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯಬಹುದು. ಅರ್ತ್ ಸರಿಯಾಗುವವರೆಗೆ ಒಂದೂ ಪ್ಲಗ್ ಹಾಕಬೇಡಿ. ಮಳೆಯಲ್ಲಿ ನೆನೆದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರಿಗಂತೂ ಇದು ಜೀವದ ಪ್ರಶ್ನೆ.

ಅಳತೆಯನ್ನು ಸೀರಿಯಲ್ ಸೆಟ್, ಫೋಕಸ್ ಲೈಟ್ ಎಲ್ಲವೂ ಉರಿಯುತ್ತಿರುವಾಗ ಮತ್ತೊಮ್ಮೆ ಮಾಡಿ. ತ್ರೀ ಫೇಸ್ ಜನರೇಟರಿನಲ್ಲಿ ನ್ಯೂಟ್ರಲ್ ಸಡಿಲವಾಗಿದ್ದರೆ ಒಂದು ಫೇಸಿನ ವೋಲ್ಟೇಜ್ 300 ದಾಟಿ ಏರಿಬಿಡುತ್ತದೆ, ಕೀಬೋರ್ಡಿನ ಅಡಾಪ್ಟರ್ ಮೊದಲ ಬಲಿ. ವಾದ್ಯ ಮತ್ತು ಸೌಂಡ್ ಎಲ್ಲವೂ ಒಂದೇ ಫೇಸಿನಲ್ಲಿ, ಲೈಟುಗಳು ಬೇರೆ ಫೇಸಿನಲ್ಲಿ ಇರಲಿ. ಡಿಮ್ಮರ್‌ನ ಗುಂಯ್‌ಗುಟ್ಟುವಿಕೆಯೂ ಇದರಿಂದ ಕಡಿಮೆಯಾಗುತ್ತದೆ.

ಸೌಂಡ್ಸ್‌ನವರಿಗೆ ವಾರ ಮುಂಚೆಯೇ ಚಾನೆಲ್ ಪಟ್ಟಿ ಕಳಿಸಿ. ಗಾಯಕರಿಗೆ 3, ನಿರೂಪಕರಿಗೆ 1, ತಬಲಾ–ಡಗ್ಗಾಗೆ 2, ಢೋಲಕ್ 1, ಕೊಳಲು 1, ಕೀಬೋರ್ಡ್ ಎರಡಕ್ಕೆ 4, ಪ್ಯಾಡ್ 2, ಬೇಸ್ 1, ಲೀಡ್ ಗಿಟಾರ್ 1. ಹದಿನಾರು ತುಂಬಿತು. ಟ್ರ್ಯಾಕಿಗೂ ಗಣ್ಯರ ಭಾಷಣದ ಮೈಕಿಗೂ ಜಾಗವಿಲ್ಲ. ಹಾಗಾಗಿ 24 ಚಾನೆಲ್ ಮಿಕ್ಸರ್ ಕೇಳಿ. 16ರದ್ದೇ ಇದ್ದರೆ ಕೀಬೋರ್ಡ್‌ಗಳನ್ನೂ ಪ್ಯಾಡನ್ನೂ ಮೋನೋ ಔಟ್‌ನಿಂದ ಕೊಟ್ಟು ಮೂರು ಚಾನೆಲ್ ಉಳಿಸಿ. ಕೀಬೋರ್ಡ್, ಪ್ಯಾಡ್, ಬೇಸ್‌ಗೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮೈಕ್ ಕೇಬಲ್ಲಿಗೆ ಹೊಂದಿಸಿಕೊಡುವ ಪೆಟ್ಟಿಗೆ) ಬೇಕು. ಸಾದಾ ಗಿಟಾರ್ ಕೇಬಲ್ಲನ್ನು ಇಪ್ಪತ್ತೈದು ಅಡಿ ದೂರದ ಮಿಕ್ಸರಿಗೆ ಎಳೆದರೆ ಗುಂಯ್ ಎನ್ನುವ ಸದ್ದು ಜೊತೆಗೇ ಬರುತ್ತದೆ.

ಸೌಂಡ್ ಚೆಕ್ ಜನ ಬರುವ ಮುಂಚೆ, 4 ಗಂಟೆಗೆ. ಮೊದಲು ಗಾಯನದ ಮೈಕುಗಳ ಕೂಗಾಟ ತೆಗೆಯಿರಿ. ಮಾನಿಟರ್ (ಗಾಯಕರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಅವರ ನೇರ ಎದುರಿಗಿದ್ದು ಮೈಕಿನ ಹಿಂಬದಿ ಅದರ ಕಡೆ ಇರಲಿ. ಕಾರ್ಡಿಯಾಯ್ಡ್ ಮೈಕು ಹಿಂಬದಿಯ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ಮಾನಿಟರಿಗೆ ಆ ಮೈಕನ್ನು ನಿಧಾನವಾಗಿ ಏರಿಸುತ್ತಾ ಹೋಗಿ, ಮೊದಲ ಸಿಳ್ಳೆ ಬಂದ ಕಡೆ ನಿಲ್ಲಿಸಿ, ಗ್ರಾಫಿಕ್ ಈಕ್ವಲೈಸರ್‌ನಲ್ಲಿ ಆ ಪಟ್ಟಿಯನ್ನು ಮೂರು–ನಾಲ್ಕು ಡೆಸಿಬೆಲ್ ಇಳಿಸಿ. ಇದನ್ನು ಮೂರು ಸಲ ಮಾಡಿದರೆ ಸಾಕು. ಅತಿಯಾಗಿ ಕತ್ತರಿಸಿದರೆ ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಗಾಯನದ ಚಾನೆಲ್‌ಗಳಿಗೆ 100 ಹರ್ಟ್ಸ್‌ನ ಲೋ ಕಟ್ ಹಾಕಿ.

ಗಾಯಕರಿಗೆ ಹೇಳಬೇಕಾದ್ದು ಎರಡೇ. ಮೈಕು ತುಟಿಯಿಂದ ಎರಡು ಬೆರಳು ದೂರ, ತಾರಸ್ಥಾಯಿಗೆ ಹೋದಾಗ ಒಂದು ಗೇಣು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬಾರದು. ಹಾಗೆ ಹಿಡಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕೂಗತೊಡಗುತ್ತದೆ. ಕಾರ್ಡ್‌ಲೆಸ್ ಮೈಕಿಗೆ ಹೊಸ ಸೆಲ್ ಹಾಕಿ, ವೈರಿನ ಒಂದು ಮೈಕು ಆನ್ ಆಗಿಯೇ ವೇದಿಕೆಯ ಬದಿಯಲ್ಲಿರಲಿ.

ಆ ಸಂಜೆ

ಭಾದ್ರಪದದ ತೇವಕ್ಕೆ ತಬಲಾದ ಶ್ರುತಿ ಇಳಿಯುತ್ತದೆ. ಪೆಟ್ಟಿಗೆಯಿಂದ ಬೇಗ ತೆಗೆದು ವೇದಿಕೆಯ ಹವೆಗೆ ಅರ್ಧ ಗಂಟೆ ಬಿಟ್ಟ ಮೇಲೆಯೇ ಕೂಡಿಸಿ. ಕೀಬೋರ್ಡ್, ಮಿಕ್ಸರ್‌ಗಳ ಅಳತೆಗೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ ಅವುಗಳ ಕೆಳಗೇ ಮಡಚಿಟ್ಟಿರಲಿ, ಮಳೆ ಬಂದಾಗ ಹುಡುಕುವಂತಾಗಬಾರದು. ಜೊತೆಗೆ ಒಂದು ಸೆಟ್ ಗಿಟಾರ್ ತಂತಿ, ಎರಡು ಹೆಚ್ಚಿನ ಕೇಬಲ್, ಕೀಬೋರ್ಡಿನ ಇನ್ನೊಂದು ಅಡಾಪ್ಟರ್, ಟಾರ್ಚ್.

ಗಣ್ಯರು ಹಾಡಿನ ನಡುವೆಯೇ ಬರುತ್ತಾರೆ. ಚರಣದ ಮಧ್ಯೆ ನಿಲ್ಲಿಸಬೇಡಿ. ನಿರೂಪಕರು ಕೈಯೆತ್ತಿದರೆ ಆ ಪಲ್ಲವಿಗೆ ನಕ್ಷೆಯಲ್ಲಿರುವ ಮುಕ್ತಾಯ ಹೊಡೆದು ಮುಗಿಸಿ. ಸನ್ಮಾನದ ಹೊತ್ತಿಗೆ ಕೊಳಲು ಮತ್ತು ತಬಲಾ ಸಣ್ಣಗೆ ನುಡಿಸುತ್ತಿರಲಿ. ಚೀಟಿಗಳೆಲ್ಲ ನಿರೂಪಕರ ಕೈಗೇ ಬರಬೇಕು, ಗಾಯಕರ ಕೈಗಲ್ಲ. 28ರಲ್ಲಿ ಇಲ್ಲದ ಹಾಡನ್ನು ಯಾರು ಕೇಳಿದರೂ ಹಾಡಬೇಡಿ. ಅದೇ ಗಾಯಕರ ಇನ್ನೊಂದು ಹಾಡನ್ನು ಅವರ ಹೆಸರಿಗೇ ಅರ್ಪಿಸಿದರೆ ಕೇಳಿದವರಿಗೂ ಸಂತೋಷ.

9.30ಕ್ಕೆ ಪ್ಯಾಡಿನವರು ಗಡಿಯಾರ ನೋಡಿ ಎಲ್ಲರಿಗೂ ಮೂರು ಬೆರಳು ತೋರಿಸಲಿ: ಇನ್ನು ಮೂರು ಹಾಡು. ಕೊನೆಯ ಏಟು ಬಿದ್ದ ಮೇಲೆ ಸೌಂಡ್ಸ್‌ನವರು ಮೇನ್ ಸ್ಪೀಕರ್ ಇಳಿಸುವವರೆಗೆ ಯಾರೂ ಕೇಬಲ್ ಕೀಳಬಾರದು. ಆಮೇಲೆ ಅಡಾಪ್ಟರ್, ಪೆಡಲ್, ಡಿಐ ಬಾಕ್ಸ್‌ಗಳನ್ನು ಪಟ್ಟಿ ಹಿಡಿದು ಎಣಿಸಿ, ಒದ್ದೆಯಾದ ಕವರ್‌ಗಳನ್ನು ವಾದ್ಯದ ಜೊತೆ ತುಂಬದೆ ಬೇರೆ ಚೀಲಕ್ಕೆ ಹಾಕಿ ಗಾಡಿ ಹತ್ತಿಸಿ.